ಗೇರ್‌ಬಾಕ್ಸ್ ಮೇಲೆ ಬಂದ ಆರೋಪ: ಬೆಂಗಳೂರಿನ ಒಂದು ಐ20 ಎನ್ ಲೈನ್ ಕಾರಿನ ಪ್ರಕರಣ ಅಧ್ಯಯನ

ವಾಹನ ಮತ್ತು ದೂರು

ಈ ಪ್ರಕರಣದ ಕಾರು 2021ರ ಕೊನೆಯಲ್ಲಿ ನೋಂದಣಿಯಾದ ಹ್ಯುಂಡೈ ಐ20 ಎನ್ ಲೈನ್. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಮಾದರಿಯಲ್ಲಿ 998 ಸಿಸಿಯ, ಮೂರು ಸಿಲಿಂಡರಿನ, ನೇರ ಇಂಜೆಕ್ಷನ್ ಇರುವ ಟರ್ಬೊ ಪೆಟ್ರೋಲ್ ಎಂಜಿನ್ ಇದೆ; ಟರ್ಬೊ ಎಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ. ಎಂಜಿನ್ನಿನ ಶಕ್ತಿ 120 ಪಿಎಸ್, ಟಾರ್ಕ್, ಅಂದರೆ ತಿರುಗಿಸುವ ಬಲ, 172 ನ್ಯೂಟನ್ ಮೀಟರ್. ಆ ಟಾರ್ಕ್ 1,500 ಆರ್‌ಪಿಎಂನಲ್ಲಿಯೇ ದೊರೆತು 4,000ದವರೆಗೆ ಉಳಿಯುತ್ತದೆ. ಸಾಮಾನ್ಯ ಐ20ಗೆ ಹೋಲಿಸಿದರೆ ಸಸ್ಪೆನ್ಷನ್ ಗಡಸಾಗಿದೆ, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದೆ. ನಮ್ಮ ಮುಂದೆ ಬಂದ ಕಾರಿನಲ್ಲಿದ್ದದ್ದು ಏಳು ಗೇರುಗಳ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್.

ಮಾಲೀಕರು ಬನಶಂಕರಿಯಲ್ಲಿ ವಾಸವಿದ್ದು, ಹೊರವರ್ತುಲ ರಸ್ತೆಯ ಮಾರತ್ತಹಳ್ಳಿ ಭಾಗದಲ್ಲಿ ಕೆಲಸ ಮಾಡುವ ಯುವಕ. ಕಾರನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದರು. ಮೀಟರ್ ಸುಮಾರು ಐವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಅವರ ದೂರು ಮೂರು ಬಗೆಯದಾಗಿತ್ತು. ಸಿಲ್ಕ್ ಬೋರ್ಡ್ ಸುತ್ತಮುತ್ತ ವಾಹನಗಳು ತೆವಳುವ ಹೊತ್ತಿನಲ್ಲಿ ಕಾರು ಅದುರಿಕೊಂಡು ಮುಂದಕ್ಕೆ ಹೋಗುತ್ತಿತ್ತು, ಕೆಲವೊಮ್ಮೆ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆಯೂ ಮೀಟರ್ ಫಲಕದಲ್ಲಿ ಬರುತ್ತಿತ್ತು. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದರೆ ಕಾರು ತಡೆತಡೆದು ಜರ್ಕ್ ಹೊಡೆಯುತ್ತಿತ್ತು. ಬೆಳಗಿನ ಪಿಕಪ್ ಮಧ್ಯಾಹ್ನಕ್ಕೆ ಉಳಿಯುತ್ತಿರಲಿಲ್ಲ.

ನಮ್ಮಲ್ಲಿಗೆ ಬರುವ ಮೊದಲು ಅವರು ಬೇರೊಂದು ವರ್ಕ್‌ಶಾಪಿಗೆ ಹೋಗಿದ್ದರು. "ಸರ್, ಗೇರ್‌ಬಾಕ್ಸ್ ಹೋಗಿದೆಯಂತೆ, ಪೂರ್ತಿ ಕ್ಲಚ್ ಸೆಟ್ ಜೊತೆಗೆ ಕ್ಲಚ್ ನಡೆಸುವ ಆಕ್ಚುಯೇಟರನ್ನೂ ಬದಲಿಸಬೇಕಂತೆ" ಎಂದು ಅವರು ಹೇಳಿದಾಗ ಕೈಯಲ್ಲಿದ್ದ ಅಂದಾಜು ಪಟ್ಟಿಯ ಮೊತ್ತ ಲಕ್ಷ ರೂಪಾಯಿಯನ್ನು ದಾಟಿತ್ತು. ಆ ಖರ್ಚಿನ ಜೊತೆಗೇ ಎಂಜಿನ್ ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ನಿನ ಕಂಪ್ಯೂಟರಿನ ತಂತ್ರಾಂಶವನ್ನು ಬದಲಿಸಿ, ಶಕ್ತಿ ಹೆಚ್ಚಿಸುವ ಆಲೋಚನೆಯೂ ಅವರಿಗಿತ್ತು. ಡ್ಯುಯಲ್ ಕ್ಲಚ್ ಇರುವ ಕಾರು ಜರ್ಕ್ ಹೊಡೆದರೆ ಮೊದಲು ಕ್ಲಚ್ಚಿನ ಮೇಲೆಯೇ ಸಂಶಯ ಪಡುವುದು ಈ ನಗರದಲ್ಲಿ ರೂಢಿಯಾಗಿಬಿಟ್ಟಿದೆ, ಮತ್ತು ಆ ಸಂಶಯ ಎಷ್ಟೋ ಸಲ ನಿಜವೂ ಆಗಿರುತ್ತದೆ. ಆದರೆ ಸಂಶಯವನ್ನು ಪರೀಕ್ಷೆಗೆ ಒಡ್ಡದೆ ಅದರ ಮೇಲೆ ಲಕ್ಷ ರೂಪಾಯಿಯ ಬಿಲ್ ಬರೆಯುವುದು ನ್ಯಾಯವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಈ ಪ್ರಕರಣವನ್ನು ವಿವರವಾಗಿ ದಾಖಲಿಸಲು ಮುಖ್ಯ ಕಾರಣವೂ ಅದೇ.

ಕ್ಲಚ್ಚೋ ಎಂಜಿನ್ನೋ

ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ರಚನೆಯೇ ಪರೀಕ್ಷೆಗೆ ಒಂದು ಒಳ್ಳೆಯ ದಾರಿಯನ್ನು ಕೊಡುತ್ತದೆ. ಇದರಲ್ಲಿ ಎರಡು ಕ್ಲಚ್‌ಗಳಿದ್ದು, ಒಂದು ಕ್ಲಚ್ ಬೆಸ ಸಂಖ್ಯೆಯ ಗೇರುಗಳನ್ನು, ಅಂದರೆ ಒಂದು, ಮೂರು, ಐದು ಮತ್ತು ಏಳನೆಯ ಗೇರನ್ನು ನಡೆಸುತ್ತದೆ. ಇನ್ನೊಂದು ಕ್ಲಚ್ ಎರಡು, ನಾಲ್ಕು ಮತ್ತು ಆರನೆಯ ಗೇರನ್ನು ನಡೆಸುತ್ತದೆ. ಒಂದು ಕ್ಲಚ್ ಸವೆದಿದ್ದರೆ ತೊಂದರೆ ಆ ಗುಂಪಿನ ಗೇರುಗಳಲ್ಲಿ ಕಾಣಿಸಿಕೊಳ್ಳಬೇಕು, ಮತ್ತೊಂದು ಗುಂಪು ಸರಿಯಾಗಿ ನಡೆಯಬೇಕು. ಎರಡೂ ಕ್ಲಚ್‌ಗಳು ಒಂದೇ ಪ್ರಮಾಣದಲ್ಲಿ ಹಾಳಾಗುವುದು ಸಾಧ್ಯವಿದ್ದರೂ, ಆಗ ಭಾರ ಬಿದ್ದಾಗ ಕ್ಲಚ್ ಜಾರಬೇಕು. ಎಂದರೆ ಎಂಜಿನ್ನಿನ ಆರ್‌ಪಿಎಂ ಏರುತ್ತಿದ್ದು ಗೇರ್‌ಬಾಕ್ಸಿನ ಒಳಬರುವ ಶಾಫ್ಟ್ ಅದರ ಹಿಂದೆ ಉಳಿಯಬೇಕು.

ನೆಲಮಂಗಲ ದಾಟಿದ ಮೇಲೆ ಕುಣಿಗಲ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬೆಳಗಿನ ಖಾಲಿ ಹೊತ್ತಿನಲ್ಲಿ, ಗೇರನ್ನು ಮ್ಯಾನ್ಯುಯಲ್ ಕ್ರಮದಲ್ಲಿ ಮೂರಕ್ಕೆ ಕಟ್ಟಿಹಾಕಿ 2,000 ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡಿದೆವು. ಬಳಿಕ ಅದೇ ಪರೀಕ್ಷೆಯನ್ನು ನಾಲ್ಕನೆಯ ಗೇರಿನಲ್ಲಿ ಮಾಡಿದೆವು. ಎರಡರಲ್ಲೂ ಜರ್ಕ್ ಬಂದದ್ದು ಒಂದೇ ಬಗೆಯಲ್ಲಿ, ಹೆಚ್ಚು ಕಡಿಮೆ 2,800 ಆರ್‌ಪಿಎಂ ದಾಟಿದ ಕೂಡಲೇ. ಕಾರಿನ ಕಂಪ್ಯೂಟರಿನ ಮಾಹಿತಿಯನ್ನು ಓದುವ ಸ್ಕ್ಯಾನರಿನಲ್ಲಿ ದಾಖಲಾದ ಎಂಜಿನ್ ವೇಗವನ್ನೂ ಒಳಬರುವ ಶಾಫ್ಟಿನ ವೇಗವನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ಎರಡು ಗೆರೆಗಳೂ ಅಂಟಿಕೊಂಡೇ ಸಾಗಿದ್ದವು. ಜರ್ಕ್ ಬಂದ ಕ್ಷಣದಲ್ಲಿ ಎಂಜಿನ್ನಿನ ವೇಗ ಮೇಲಕ್ಕೆ ಜಿಗಿದಿರಲಿಲ್ಲ. ತುಸು ಕುಸಿದಿತ್ತು, ಶಾಫ್ಟ್ ಕೂಡ ಅದರೊಂದಿಗೇ ಕುಸಿದಿತ್ತು. ಕ್ಲಚ್ ಜಾರಿದ್ದರೆ ಹೀಗಾಗುತ್ತಿರಲಿಲ್ಲ. ಹೆದ್ದಾರಿಯ ಜರ್ಕ್ ಎಂಜಿನ್ನಿನಲ್ಲಿ ಹುಟ್ಟಿ ಗೇರ್‌ಬಾಕ್ಸಿನ ಮೂಲಕ ಹಾದುಬರುತ್ತಿತ್ತು, ಅಷ್ಟೆ. ಈ ಪರೀಕ್ಷೆಗೆ ಬಿಚ್ಚುವ ಕೆಲಸವಿಲ್ಲ, ಬಿಡಿಭಾಗದ ಖರ್ಚಿಲ್ಲ. ಕ್ಲಚ್ ಬದಲಿಸಬೇಕೆಂದು ಯಾರೇ ಹೇಳಿದರೂ ಈ ಎರಡು ಗೆರೆಗಳನ್ನು ತೋರಿಸಿ ಎಂದು ಕೇಳುವ ಹಕ್ಕು ಮಾಲೀಕರಿಗಿದೆ.

ಸುಳ್ಳು ಹೇಳುತ್ತಿದ್ದ ಸೆನ್ಸರ್

ಎಂಜಿನ್ನಿನ ಕಡೆಗೆ ತಿರುಗಿದಾಗ ಮೊದಲು ಮಾಡಿದ ಕೆಲಸ ಅತ್ಯಂತ ಸರಳವಾದದ್ದು. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಒತ್ತಡದ ಸೆನ್ಸರುಗಳು ಏನು ಹೇಳುತ್ತವೆ ಎಂದು ಓದಿದೆವು. ಎಂಜಿನ್ ನಿಂತಿರುವಾಗ ಗಾಳಿಯ ದಾರಿಯಲ್ಲಿರುವುದು ಹೊರಗಿನ ಗಾಳಿಯ ಒತ್ತಡವೇ ಆದ್ದರಿಂದ ಎಲ್ಲ ಸೆನ್ಸರುಗಳೂ ಒಂದೇ ಅಂಕಿಯನ್ನು ತೋರಿಸಬೇಕು. ಇಲ್ಲಿ ಬೆಂಗಳೂರಿನವರು ನೆನಪಿಡಬೇಕಾದ ವಿಷಯವೊಂದಿದೆ. ನಮ್ಮ ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ 1,013 ಮಿಲಿಬಾರ್ ಇರುವ ಗಾಳಿಯ ಒತ್ತಡ ಇಲ್ಲಿ 910ರ ಆಸುಪಾಸಿನಲ್ಲಿರುತ್ತದೆ. ಪುಸ್ತಕದ 1,013ನ್ನು ಮನಸ್ಸಿನಲ್ಲಿಟ್ಟುಕೊಂಡವರು ಇಲ್ಲಿ ಒಳ್ಳೆಯ ಸೆನ್ಸರನ್ನೇ ಕೆಟ್ಟಿದೆ ಎಂದು ಬದಲಿಸಿಬಿಡಬಹುದು.

ಈ ಕಾರಿನಲ್ಲಿ ಒಂದು ಸೆನ್ಸರ್ 910ರ ಹತ್ತಿರದ ಅಂಕಿಯನ್ನೇ ತೋರಿಸಿತು. ಟರ್ಬೊದಿಂದ ಬರುವ ಗಾಳಿಯ ಒತ್ತಡವನ್ನು ಅಳೆಯುವ ಇನ್ನೊಂದು ಸೆನ್ಸರ್ ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ ತೋರಿಸಿತು. ಸೆನ್ಸರ್ ಕೆಟ್ಟಿರಬಹುದೆಂದು ಅದರ ವೈರನ್ನು ಹಿಂಬಾಲಿಸಿ ಹೋದಾಗ, ಬ್ಯಾಟರಿಯ ಹಿಂದೆ ಟೇಪ್ ಸುತ್ತಿ ಅಡಗಿಸಿದ್ದ ಟ್ಯೂನಿಂಗ್ ಬಾಕ್ಸ್ ಸಿಕ್ಕಿತು. ಹಿಂದಿನ ಮಾಲೀಕರು ಅದನ್ನು ಹಾಕಿಸಿದ್ದರು. ಈಗಿನ ಮಾಲೀಕರಿಗೆ ಅದು ಇರುವುದೇ ತಿಳಿದಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಬಾನೆಟ್ ತೆರೆದರೆ ಕಣ್ಣಿಗೆ ಬೀಳುತ್ತಿದ್ದ ಶಂಕುವಿನಾಕಾರದ ಏರ್ ಫಿಲ್ಟರ್ ಮಾತ್ರ.

ಇಂಥ ಬಾಕ್ಸ್ ಎಂಜಿನ್ನಿನ ಕಂಪ್ಯೂಟರಿಗೂ ಒತ್ತಡದ ಸೆನ್ಸರಿಗೂ ನಡುವೆ ಕುಳಿತು, ನಿಜವಾದ ಒತ್ತಡಕ್ಕಿಂತ ಕಡಿಮೆ ಅಂಕಿಯನ್ನು ಕಂಪ್ಯೂಟರಿಗೆ ಕಳುಹಿಸುತ್ತದೆ. ಬೂಸ್ಟ್, ಅಂದರೆ ಟರ್ಬೊ ಕೊಡುವ ಹೆಚ್ಚುವರಿ ಒತ್ತಡ, ಸಾಲದು ಎಂದು ನಂಬಿದ ಕಂಪ್ಯೂಟರ್ ಟರ್ಬೊದಿಂದ ಇನ್ನಷ್ಟು ಒತ್ತಡವನ್ನು ಕೇಳುತ್ತದೆ. ಹೀಗೆ ಶಕ್ತಿ ಹೆಚ್ಚುವುದು ನಿಜ; ಆದರೆ ಅದಕ್ಕೆ ತೆರುವ ಬೆಲೆ ಏನೆಂದರೆ, ಎಂಜಿನ್ನನ್ನು ಕಾಪಾಡಬೇಕಾದ ಕಂಪ್ಯೂಟರಿಗೆ ಸಿಲಿಂಡರಿನೊಳಗಿನ ನಿಜಸ್ಥಿತಿ ತಿಳಿಯುವುದಿಲ್ಲ. ದೋಷ ಹುಡುಕುವವರಿಗೂ ಅದೇ ಕಷ್ಟ, ಏಕೆಂದರೆ ಸ್ಕ್ಯಾನರ್ ಓದುವುದು ಕಂಪ್ಯೂಟರ್ ನಂಬಿರುವ ಅಂಕಿಯನ್ನೇ ಹೊರತು ಪೈಪಿನೊಳಗಿನ ಒತ್ತಡವನ್ನಲ್ಲ. ಆದ್ದರಿಂದ ಬಾಕ್ಸನ್ನು ತೆಗೆದು ಮೂಲ ಕನೆಕ್ಟರನ್ನು ಜೋಡಿಸಿ, ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಹಳೆಯ ದೋಷಸೂಚಕ ಕೋಡುಗಳನ್ನು ಅಳಿಸಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಯಿತು. ಮಾರ್ಪಾಡು ಮಾಡಿದ ಯಾವುದೇ ಕಾರಿನಲ್ಲಿ ಮೊದಲು ಅದನ್ನು ಮೂಲಸ್ಥಿತಿಗೆ ತಂದು ಆಮೇಲೆ ಅಳೆಯಬೇಕೆಂದು ನಾವು ಪಟ್ಟುಹಿಡಿಯುವುದು ಇದಕ್ಕಾಗಿಯೇ.

ಎರಡು ದೋಷಗಳು, ಒಂದೇ ಲಕ್ಷಣ

ಬಾಕ್ಸ್ ತೆಗೆದ ಮೇಲೆ ಜರ್ಕ್ ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಈಗ ಎರಡು ಕೋಡುಗಳು ಬಂದವು: ಬೂಸ್ಟ್ ಸಾಲದೆಂದು ಹೇಳುವ ಪಿ0299 ಮತ್ತು ಎರಡನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗುತ್ತಿದೆ, ಅಂದರೆ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎನ್ನುವ ಪಿ0302. ಕೋಡ್ ಬಂದರೆ ಭಾಗ ಹಾಳಾಗಿದೆ ಎಂದೇ ತಿಳಿಯುವುದು ಬಹಳ ಸಾಮಾನ್ಯ. ಪಿ0299 ಎಂದ ಕೂಡಲೇ ಟರ್ಬೊ ಬದಲಿಸಲು, ಪಿ0302 ಎಂದ ಕೂಡಲೇ ಕಾಯಿಲ್ ಬದಲಿಸಲು ಹೊರಡುವವರಿದ್ದಾರೆ. ಕೋಡ್ ತಿಳಿಸುವುದು ಕಂಪ್ಯೂಟರ್ ಗಮನಿಸಿದ ಪರಿಣಾಮವನ್ನು. ಕಾರಣವನ್ನು ಹುಡುಕುವ ಕೆಲಸ ಮನುಷ್ಯನದು.

ಮಿಸ್‌ಫೈರಿಗೆ, ಅಂದರೆ ಮೆಕ್ಯಾನಿಕ್‌ಗಳು ಮಿಸ್ಸಿಂಗ್ ಎನ್ನುವ ತೊಂದರೆಗೆ, ಅದಲುಬದಲು ಪರೀಕ್ಷೆಗಿಂತ ಉತ್ತಮವಾದದ್ದಿಲ್ಲ. ಈ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಪ್ರತ್ಯೇಕ ಇಗ್ನಿಷನ್ ಕಾಯಿಲ್ ಇದೆ. ಎರಡನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೆ ಹಾಕಿ ಓಡಿಸಿದಾಗ ಮಿಸ್‌ಫೈರ್ ಎರಡರಲ್ಲಿಯೇ ಉಳಿಯಿತು. ಆದ್ದರಿಂದ ಕಾಯಿಲ್ ನಿರ್ದೋಷಿ. ಎರಡನೆಯದರ ಸ್ಪಾರ್ಕ್ ಪ್ಲಗ್ಗನ್ನು ಮೂರನೆಯದಕ್ಕೆ ಹಾಕಿದಾಗ ಮಿಸ್‌ಫೈರ್ ಕೂಡ ಮೂರಕ್ಕೆ ಹೋಯಿತು. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಬಿಳಿಯ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆಯೊಂದು ಉದ್ದಕ್ಕೆ ಇಳಿದಿತ್ತು. ಮೂರೂ ಪ್ಲಗ್ಗುಗಳ ಗ್ಯಾಪ್, ಅಂದರೆ ಕಿಡಿ ಹಾರುವ ತೆರಪು, ಸವೆದು ಅಗಲವಾಗಿತ್ತು.

ಇದು ಹೇಗಾಯಿತೆಂಬುದು ತಿಳಿದುಕೊಳ್ಳಬೇಕಾದ ಸಂಗತಿ. ಸಿಲಿಂಡರಿನೊಳಗಿನ ಗಾಳಿಯ ಸಾಂದ್ರತೆ ಹೆಚ್ಚಿದಷ್ಟೂ ಪ್ಲಗ್ಗಿನ ಎರಡು ತುದಿಗಳ ನಡುವೆ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕು. ಗ್ಯಾಪ್ ಅಗಲವಾದರೂ ಅಷ್ಟೇ. ಬಾಕ್ಸ್ ಬೂಸ್ಟನ್ನು ಹೆಚ್ಚಿಸಿತ್ತು, ಓಟ ಗ್ಯಾಪನ್ನು ಹೆಚ್ಚಿಸಿತ್ತು. ಎರಡೂ ಸೇರಿ ಕಾಯಿಲಿನ ವೋಲ್ಟೇಜ್ ಗ್ಯಾಪಿನಲ್ಲಿ ಕಿಡಿಯಾಗಿ ಹಾರುವ ಬದಲು ಪಿಂಗಾಣಿಯ ಹೊರಮೈಯ ಮೇಲೆ ಹರಿದು ಲೋಹದ ಕವಚಕ್ಕೆ ಸೇರತೊಡಗಿತು. ಒಮ್ಮೆ ಆ ದಾರಿಯಲ್ಲಿ ಇಂಗಾಲದ ಗೆರೆ ಬಿದ್ದರೆ ವಿದ್ಯುತ್ತು ಅದನ್ನೇ ಹಿಡಿಯುತ್ತದೆ. ಭಾರವಿಲ್ಲದೆ ನಿಧಾನವಾಗಿ ಓಡಿಸುವಾಗ ಬೇಕಾದ ವೋಲ್ಟೇಜ್ ಕಡಿಮೆಯಾದ್ದರಿಂದ ತೊಂದರೆ ಕಾಣುವುದಿಲ್ಲ. ಬೂಸ್ಟ್ ಏರಿದಾಗ ಮಾತ್ರ ಮಿಸ್ಸಿಂಗ್ ಬರುತ್ತದೆ. ಮಾಲೀಕರ ದೂರು ಇದಕ್ಕೆ ಅಕ್ಷರಶಃ ಹೊಂದುತ್ತಿತ್ತು. ತಯಾರಕರು ಸೂಚಿಸಿದ ಉಷ್ಣಶ್ರೇಣಿಯ ಹೊಸ ಪ್ಲಗ್ಗುಗಳನ್ನು ಗ್ಯಾಪ್ ಅಳೆದು ಹಾಕಿದೆವು, ಕಾಯಿಲಿನ ರಬ್ಬರ್ ಬೂಟನ್ನು ಬದಲಿಸಿದೆವು. ಪ್ಲಗ್ ಕೊಳ್ಳುವಾಗ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲಾಗಲಿ ಅಧಿಕೃತ ಮಾರಾಟಗಾರರಿಂದ ಬಿಲ್ ಸಹಿತ ಕೊಳ್ಳುವುದು ಅವಶ್ಯಕ, ಏಕೆಂದರೆ ನಕಲಿ ಪ್ಲಗ್ಗನ್ನು ಕಣ್ಣಿನಿಂದ ಗುರುತಿಸುವುದು ಸುಲಭವಲ್ಲ.

ಮಿಸ್ಸಿಂಗ್ ನಿಂತಿತು, ಪಿ0299 ಉಳಿಯಿತು. ಟರ್ಬೊದಿಂದ ಎಂಜಿನ್ನಿನವರೆಗಿನ ಗಾಳಿಯ ದಾರಿಯನ್ನು ಮುಚ್ಚಿ, ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿಸಿ ನೋಡಿದಾಗ ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಿಂದ ಹೊರಬರುವ ಹೋಸಿನ ಸೇರುವಿಕೆಯಲ್ಲಿ ಹೊಗೆ ಎಳೆಎಳೆಯಾಗಿ ಹೊರಬಂತು. ಹಿಂದೆ ಯಾರೋ ಹೋಸ್ ಬಿಚ್ಚಿ, ಮೂಲದ ಸ್ಪ್ರಿಂಗ್ ಕ್ಲಿಪ್ಪಿಗೆ ಬದಲು ಸ್ಕ್ರೂ ಕ್ಲಿಪ್ ಹಾಕಿ ಅತಿಯಾಗಿ ಬಿಗಿದಿದ್ದರು. ರಬ್ಬರ್ ಕತ್ತರಿಸಿಕೊಂಡು ಸಣ್ಣದಾಗಿ ಸೀಳಿತ್ತು. ಸುತ್ತಲೂ ಎಣ್ಣೆಯ ಜಿಡ್ಡಿಗೆ ಧೂಳು ಹತ್ತಿತ್ತು.

ಇಷ್ಟು ಸಣ್ಣ ಸೀಳು ಬೆಂಗಳೂರಿನಲ್ಲಿ ಏಕೆ ಹೆಚ್ಚು ಕಾಡುತ್ತದೆ ಎಂಬುದಕ್ಕೂ ಎತ್ತರವೇ ಒಂದು ಕಾರಣ. ಉದಾಹರಣೆಗೆ ಒಳಗೆ 2,000 ಮಿಲಿಬಾರ್ ಒತ್ತಡ ಬೇಕೆಂದುಕೊಂಡರೆ, ಮಂಗಳೂರಿನ ಕಡಲತೀರದಲ್ಲಿ ಟರ್ಬೊ ಗಾಳಿಯನ್ನು ಸುಮಾರು ಎರಡರಷ್ಟು ಒತ್ತಿದರೆ ಸಾಕು, ಇಲ್ಲಿ 2.2ರಷ್ಟು ಒತ್ತಬೇಕು. ಅದಕ್ಕಾಗಿ ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕು, ಗಾಳಿಯೂ ಹೆಚ್ಚು ಬಿಸಿಯಾಗುತ್ತದೆ. ಹೋಸಿನಿಂದ ಗಾಳಿ ಸೋರುತ್ತಿದ್ದರೆ ಆ ಕೊರತೆಯನ್ನೂ ಟರ್ಬೊವೇ ತುಂಬಬೇಕು. ಹೊಸ ಹೋಸ್ ಮತ್ತು ಮೂಲ ಮಾದರಿಯ ಕ್ಲಿಪ್ ಹಾಕಿದ ಮೇಲೆ ಕಂಪ್ಯೂಟರ್ ಕೇಳಿದ ಬೂಸ್ಟಿಗೂ ಸಿಕ್ಕ ಬೂಸ್ಟಿಗೂ ಇದ್ದ ಅಂತರ ಮುಚ್ಚಿತು.

ಇಂಧನದ ವಿಚಾರದಲ್ಲಿ ಒಂದು ಮಾತು ಇಲ್ಲಿಯೇ ಹೇಳುವುದು ಸೂಕ್ತ. ಫ್ಯುಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಪೆಟ್ರೋಲ್ ಸೇರಿಸುತ್ತಿದೆ ಎಂಬ ಅಂಕಿ, ಈ ಕಾರಿನಲ್ಲಿ ದುರಸ್ತಿಯ ನಂತರವೂ ನಾಲ್ಕೈದು ಪ್ರತಿಶತ ಅಧಿಕವಾಗಿಯೇ ಇತ್ತು. ಇದನ್ನು ಗಾಳಿ ಸೋರಿಕೆ ಎಂದು ತಿಳಿಯಬೇಕಿಲ್ಲ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಉರಿಯಲು ಶೇಕಡಾ 10 ಬೆರೆತದ್ದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಬೇಕಾಗುತ್ತದೆ, ಮತ್ತು 2021ರ ಕಾರಿನಲ್ಲಿ ಆ ವ್ಯತ್ಯಾಸ ಟ್ರಿಮ್‌ನಲ್ಲಿ ಕಾಣುವುದು ಸಹಜ. ಮೈಲೇಜ್ ತುಸು ತಗ್ಗುವುದಕ್ಕೂ ಅದು ಭಾಗಶಃ ಕಾರಣ.

ಮಧ್ಯಾಹ್ನದ ಸುಸ್ತು ಮತ್ತು ಟ್ರಾಫಿಕ್‌ನ ಬಿಸಿ

ಮಧ್ಯಾಹ್ನ ಪಿಕಪ್ ಕುಗ್ಗುತ್ತಿದ್ದುದಕ್ಕೆ ಉತ್ತರ ಶಂಕುವಿನಾಕಾರದ ಫಿಲ್ಟರಿನಲ್ಲಿತ್ತು. ಮೂಲ ಏರ್‌ಬಾಕ್ಸ್ ಗ್ರಿಲ್ಲಿನ ಹತ್ತಿರದಿಂದ, ಹೊರಗಿನ ಗಾಳಿಯನ್ನು ಎಳೆಯುತ್ತದೆ. ತೆರೆದ ಫಿಲ್ಟರ್ ಬಾನೆಟ್ಟಿನ ಒಳಗಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಕಾರು ನಿಂತುನಿಂತು ಸಾಗುವಾಗ ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೂಲ ಏರ್‌ಬಾಕ್ಸನ್ನು ಮರಳಿ ಹಾಕಿದ ಮೇಲೆ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ 45ರ ಸುಮಾರಿನಲ್ಲಿ ನಿಂತಿತು. ಬಿಸಿ ಗಾಳಿ ಬಂದಾಗ ಮಿಶ್ರಣ ತಾನಾಗಿ ಹೊತ್ತಿ ಎಂಜಿನ್ ಕುಟ್ಟದಿರಲೆಂದು ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತದೆ, ಶಕ್ತಿ ಕುಗ್ಗುತ್ತದೆ. ಸದ್ದು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಈ ಫಿಲ್ಟರ್ ಹಾಕಿಸಿಕೊಳ್ಳುವ ಯುವಕರನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಹಣ ಕೊಟ್ಟು ಅವರು ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದಾರೆ.

ಗೇರ್‌ಬಾಕ್ಸಿನ ಬಿಸಿ ಮಾತ್ರ ಗೇರ್‌ಬಾಕ್ಸಿಗೇ ಸೇರಿದ ವಿಷಯ, ಆದರೂ ಅದು ದೋಷವಲ್ಲ. ಇದು ಒಣ ಕ್ಲಚ್ಚಿನ ಗೇರ್‌ಬಾಕ್ಸ್. ಕ್ಲಚ್ಚಿನ ಬಿಸಿಯನ್ನು ಒಯ್ಯಲು ಎಣ್ಣೆಯ ಹರಿವಿಲ್ಲ. ಎಂಜಿನ್ ಐಡಲಿಂಗ್ ವೇಗದಲ್ಲಿದ್ದಾಗ ಮೊದಲ ಗೇರಿನಲ್ಲಿ ಕಾರು ಸಾಗುವ ವೇಗಕ್ಕಿಂತ ನಿಧಾನವಾಗಿ ತೆವಳಬೇಕಾದರೆ ಕ್ಲಚ್ ಪೂರ್ತಿ ಕೂಡಿಕೊಳ್ಳಲಾರದು, ಅರ್ಧ ಹಿಡಿದು ಜಾರುತ್ತಲೇ ಇರಬೇಕು. ಮ್ಯಾನ್ಯುಯಲ್ ಕಾರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿದಾಗ ಬರುವ ಸುಟ್ಟ ವಾಸನೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮಾಲೀಕರು ಮೇಲ್ಸೇತುವೆಯ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಿಂದಲೇ ಕಾರನ್ನು ತಡೆದು ನಿಲ್ಲಿಸುತ್ತಿದ್ದರು. ಅದು ಕೂಡದೆಂದು ಕಾರಿನ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಬ್ರೇಕ್ ಒತ್ತಿ ನಿಂತರೆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಮುಂದಿನ ವಾಹನ ಒಂದೆರಡು ಕಾರುಗಳಷ್ಟು ಮುಂದೆ ಸರಿಯುವವರೆಗೆ ಕಾದು, ಕ್ಲಚ್ ಪೂರ್ತಿ ಕೂಡುವಷ್ಟು ವೇಗದಲ್ಲಿ ಹೊರಟು, ಮತ್ತೆ ನಿಲ್ಲಿಸುವುದು ಉತ್ತಮ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ನಡುವೆ ಆಟೋ ನುಗ್ಗುತ್ತದೆ, ಇವೆಲ್ಲ ನಿಜ. ಆದರೂ ಅಭ್ಯಾಸ ಬದಲಾದ ಮೇಲೆ ಎಚ್ಚರಿಕೆ ಮರಳಿ ಬರಲಿಲ್ಲ. ಸ್ಕ್ಯಾನರಿನಿಂದ ಕ್ಲಚ್ ಹಿಡಿಯುವ ಬಿಂದುವನ್ನು ಹೊಸದಾಗಿ ಕಲಿಸಿದ ಬಳಿಕ ತೆವಳುವಾಗಿನ ಅದುರುವಿಕೆಯೂ ಬಹುಮಟ್ಟಿಗೆ ಇಳಿಯಿತು. ಕ್ಲಚ್ ಸೆಟ್ ಬದಲಿಸಲಿಲ್ಲ.

ಶಕ್ತಿ ಹೆಚ್ಚಿಸುವ ಪ್ರಶ್ನೆ

ದುರಸ್ತಿ ಮುಗಿದ ಮೇಲೆ ಮಾಲೀಕರು ರೀಮ್ಯಾಪ್ ವಿಷಯವನ್ನು ಎತ್ತಿದರು. ಆ ಆಸೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇಂಥ ಕಾರನ್ನು ಪ್ರೀತಿಯಿಂದ ಕೊಂಡವರಿಗೆ ಅದು ಬರುವುದು ಸಹಜ. ಆದರೆ ಕಾರಿನ ಟೈರುಗಳ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕಂಕಿಯ ಸಂಖ್ಯೆ ಅವು 2021ರಲ್ಲಿ ತಯಾರಾದವೆಂದು ಹೇಳುತ್ತಿತ್ತು. ಆ ಸಂಖ್ಯೆಯ ಮೊದಲೆರಡು ಅಂಕಿ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ರಬ್ಬರ್ ಗಟ್ಟಿಯಾಗಿತ್ತು. ಬ್ರೇಕ್ ಆಯಿಲ್ ಬದಲಿಸಿದ ದಾಖಲೆಯೇ ಇರಲಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. 1,478 ಮೀಟರ್ ಎತ್ತರದ ನಂದಿಬೆಟ್ಟದಿಂದ ತಿರುವುಗಳಲ್ಲಿ ಬ್ರೇಕ್ ಹಿಡಿಯುತ್ತ ಇಳಿಯುವಾಗ ಆಯಿಲ್ ಕುದಿದು ಪೆಡಲ್ ಮೆತ್ತಗಾದರೆ ಎಂಜಿನ್ನಿನ ಶಕ್ತಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಆದ್ದರಿಂದ ಮೊದಲ ಅಪ್‌ಗ್ರೇಡ್ ಎಂದು ನಾವು ಸೂಚಿಸಿದ್ದು ಮೂಲ ಅಳತೆಯಾದ 195/55 ಆರ್16ರಲ್ಲಿಯೇ ಉತ್ತಮ ಹಿಡಿತದ ಟೈರು, ಹೊಸ ಬ್ರೇಕ್ ಆಯಿಲ್, ಒಳ್ಳೆಯ ಪ್ಯಾಡ್. ಅವರು ಒಪ್ಪಿದರು, ಮತ್ತು ಕಾರಿನ ನಡತೆಯಲ್ಲಿ ಆದ ಬದಲಾವಣೆ ತಾವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚೆಂದು ಹೇಳಿದರು.

ರೀಮ್ಯಾಪ್ ಸದ್ಯಕ್ಕೆ ಬೇಡವೆಂದು ನಾವು ಹೇಳಿದ್ದಕ್ಕೆ ಕಾರಣಗಳಿವೆ. ಸಣ್ಣ ನೇರ ಇಂಜೆಕ್ಷನ್ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಭಾರಿ ಟಾರ್ಕ್ ಕೇಳಿದಾಗ, ಕಿಡಿ ಹಾರುವ ಮುನ್ನವೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ. ಅದು ಪಿಸ್ಟನ್ನನ್ನೇ ಒಡೆಯಬಲ್ಲದು. ಎಂಜಿನ್ ಆಯಿಲಿನ ಗುಣ ಇದರ ಮೇಲೆ ಪ್ರಭಾವ ಬೀರುತ್ತದೆ, ಮತ್ತು 2020ರಲ್ಲಿ ಜಾರಿಗೆ ಬಂದ ಎಪಿಐ ಎಸ್‌ಪಿ ಎಂಬ ಎಂಜಿನ್ ಆಯಿಲ್ ದರ್ಜೆಯಲ್ಲಿ ಇದನ್ನು ತಡೆಯುವ ಪರೀಕ್ಷೆ ಸೇರಿದೆ. ರೀಮ್ಯಾಪ್ ಮಾಡುವವರಲ್ಲಿ ಅನೇಕರು ತಕ್ಷಣ ಅನುಭವಕ್ಕೆ ಬರಲೆಂದು 1,500ರಿಂದ 2,000 ಆರ್‌ಪಿಎಂ ನಡುವಿನ ಟಾರ್ಕನ್ನೇ ಹೆಚ್ಚಿಸುತ್ತಾರೆ. ಎಂಜಿನ್ನಿಗೂ ಒಣ ಕ್ಲಚ್ಚಿಗೂ ಅತ್ಯಂತ ಕಷ್ಟದ ಜಾಗ ಅದೇ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಕ್ಲೇಮಿನ ಹೊತ್ತಿಗೆ ಸಮಸ್ಯೆಯಾಗಬಹುದು.

ಈಗ ಕಾರು ತನ್ನ ಮೂಲ ಸ್ಥಿತಿಯಲ್ಲಿ ಓಡುತ್ತಿದೆ. ತೆಗೆದ ಟ್ಯೂನಿಂಗ್ ಬಾಕ್ಸನ್ನೂ ಹಳೆಯ ಪ್ಲಗ್ಗುಗಳನ್ನೂ ಮಾಲೀಕರಿಗೆ ಒಪ್ಪಿಸಲಾಗಿದೆ. ಎಂಜಿನ್ನಿನೊಳಗೆ ಇಳಿಸಿ ನೋಡುವ ಸಣ್ಣ ಕ್ಯಾಮೆರಾದಲ್ಲಿ, ಅಂದರೆ ಬೋರ್‌ಸ್ಕೋಪಿನಲ್ಲಿ, ಗಾಳಿ ಒಳಬರುವ ಇನ್‌ಟೇಕ್ ವಾಲ್ವುಗಳ ಹಿಂಬದಿಯಲ್ಲಿ ತೆಳುವಾದ ಕಾರ್ಬನ್ ಪದರ ಕಂಡಿತು. ಪೆಟ್ರೋಲ್ ನೇರವಾಗಿ ಸಿಲಿಂಡರಿಗೆ ಚಿಮ್ಮುವ ಎಂಜಿನ್‌ಗಳಲ್ಲಿ ವಾಲ್ವುಗಳನ್ನು ತೊಳೆಯುವ ಹರಿವು ಇಲ್ಲದ್ದರಿಂದ ಇದು ಕಟ್ಟಿಕೊಳ್ಳುತ್ತದೆ. ಸದ್ಯಕ್ಕೆ ಸ್ವಚ್ಛಗೊಳಿಸುವಷ್ಟು ದಪ್ಪವಿಲ್ಲ. ಮುಂದಿನ ದೊಡ್ಡ ಸರ್ವಿಸ್‌ನಲ್ಲಿ ಅದನ್ನು ಮತ್ತೆ ನೋಡಬೇಕು. ಆಗ ಹೋಲಿಸಲು ಬೇಕಾಗುವ ಬೂಸ್ಟ್, ಗಾಳಿಯ ಉಷ್ಣತೆ ಮತ್ತು ಕ್ಲಚ್ಚಿನ ದಾಖಲೆಗಳ ಒಂದು ಪ್ರತಿಯನ್ನು ಮಾಲೀಕರ ಬಳಿ ಇಡಲಾಗಿದೆ.